ಬಿಳಿ ಮೊಟ್ಟೆಯ ಮರಿ ಹಸಿರು ಮೊಟ್ಟೆ ಇಟ್ಟಿದ್ದೇಕೆ?

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕಿನ ನರಸಾಪುರದ ಕಡೆಯ ಹಳ್ಳಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣಗೊಂಡು ಬಂದು ಕೆರೆ ತುಂಬಿದ ಮೇಲೆ ಬಾತುಕೋಳಿ ಸಾಕಲು ಶುರು ಮಾಡಿದೆವು. ಕೊಯ್ಲಾದ ಗದ್ದೆಯಲ್ಲಿ ಹಿಂಡು ಮೇಯಿಸಲು ಬಂದಿದ್ದವರಿಂದ ಎಂಟು ಹೆಣ್ಣು, ಎರಡು ಗಂಡು ಕೊಂಡೆವು. ಹೆಣ್ಣುಗಳಲ್ಲಿ ಎರಡು ತಿಳಿಹಸಿರು ಮೊಟ್ಟೆ ಇಡುತ್ತಿದ್ದವು, ಆರು ಬಿಳಿ. ಅಂಗಡಿಯವರು ಹಸಿರು ಮೊಟ್ಟೆ ಬೇಡವೆಂದರು. ಅದಕ್ಕೇ ಬಿಳಿ ಮೊಟ್ಟೆಗಳನ್ನು ಮಾತ್ರ ಆರಿಸಿ ನಾಟಿ ಕೋಳಿಯ ಕೆಳಗೆ ಕಾವಿಗೆ ಇಟ್ಟೆ. ಆ ಮರಿಗಳಲ್ಲಿ ಆರು ಹೆಣ್ಣು ಈಗ ಮೊಟ್ಟೆಗೆ ಬಂದಿವೆ. ಅವುಗಳಲ್ಲಿ ಮೂರು ಹಸಿರು ಮೊಟ್ಟೆಯನ್ನೇ ಇಡುತ್ತಿವೆ. ಊರಿನವರು ಕೆರೆ ನೀರಿನ ದೋಷ ಎನ್ನುತ್ತಾರೆ, ನಮ್ಮ ಅತ್ತೆ ಪಾಚಿ ತಿಂದದ್ದಕ್ಕೆ ಎನ್ನುತ್ತಾರೆ. ಮಕ್ಕಳಿಗೆ ಈ ಮೊಟ್ಟೆ ಕೊಡಬಹುದೇ? ಪುಕ್ಕದ ಬಣ್ಣ ನೋಡಿ ಮೊದಲೇ ತಿಳಿಯಬಹುದೇ? ಎಲ್ಲವೂ ಬಿಳಿ ಮೊಟ್ಟೆಯೇ ಆಗಬೇಕಾದರೆ ಏನು ಮಾಡಬೇಕು?

— ಓದುಗರೊಬ್ಬರು, ಕೋಲಾರ ತಾಲ್ಲೂಕು

ಉತ್ತರ: ಮೊದಲು ಮಕ್ಕಳ ವಿಷಯ. ಧಾರಾಳವಾಗಿ ಕೊಡಿ. ಚಿಪ್ಪು ಹಸಿರಾಗಿದೆ ಎಂಬ ಕಾರಣಕ್ಕೆ ಒಳಗಿನ ಬಿಳಿ ಲೋಳೆಯಾಗಲಿ ಹಳದಿ ಭಂಡಾರವಾಗಲಿ ಬದಲಾಗುವುದಿಲ್ಲ. ಬಾತುಕೋಳಿ ಮೊಟ್ಟೆ ಯಾವ ಬಣ್ಣದ್ದಾದರೂ ಚೆನ್ನಾಗಿ ಬೇಯಿಸಿ ಕೊಡಿ. ಅರೆಬೆಂದ ಭಂಡಾರ ಮಕ್ಕಳಿಗೆ ಬೇಡ, ಏಕೆಂದರೆ ಬಾತುಗಳು ಕೆಸರು, ನೀರು ಎಲ್ಲ ಕಡೆ ಆಡುತ್ತವೆ. ಸಾಲ್ಮೊನೆಲ್ಲಾದಂಥ ಸೂಕ್ಷ್ಮಾಣು ಮೊಟ್ಟೆಗೆ ಅಂಟುವ ಸಾಧ್ಯತೆ ಇರುತ್ತದೆ.

ಇನ್ನು ಕಾರಣಕ್ಕೆ ಬರೋಣ. ನಿಮ್ಮ ಪತ್ರದಲ್ಲಿಯೇ ಉತ್ತರ ಅಡಗಿದೆ. ಒಂದೇ ಕೆರೆಯ ನೀರು ಕುಡಿದು, ಒಂದೇ ಪಾಚಿ, ಒಂದೇ ಬಸವನಹುಳು, ಒಂದೇ ತೌಡು ತಿಂದ ಆರು ಹೆಣ್ಣುಗಳಲ್ಲಿ ಮೂರು ಬಿಳಿ ಮೊಟ್ಟೆ ಇಡುತ್ತಿವೆ, ಮೂರು ಹಸಿರು. ನೀರೇ ಕಾರಣವಾಗಿದ್ದರೆ ಆರೂ ಒಂದೇ ದಾರಿ ಹಿಡಿಯಬೇಕಿತ್ತು. ಬಣ್ಣ ಬಂದದ್ದು ಕೆರೆಯಿಂದಲ್ಲ, ನಿಮ್ಮ ಎರಡು ಗಂಡು ಬಾತುಗಳಲ್ಲಿ ಕನಿಷ್ಠ ಒಂದರಿಂದ.

ಗಂಡು ಮೊಟ್ಟೆಯನ್ನೇ ಇಡುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಮೊಟ್ಟೆಯ ಚಿಪ್ಪು ಪೂರ್ತಿಯಾಗಿ ತಾಯಿಯದು. ಆಕೆಯ ಗರ್ಭನಾಳದ ಕೊನೆಯ ಭಾಗದಲ್ಲಿರುವ ಚಿಪ್ಪುಚೀಲದಲ್ಲಿ ಅದು ತಯಾರಾಗುತ್ತದೆ. ಅದರ ಬಣ್ಣ ಆ ತಾಯಿಯ ವಂಶವಾಹಿಗಳನ್ನು ಮಾತ್ರ ಹೇಳುತ್ತದೆ. ಒಳಗಿರುವ ಮರಿ ಮಾತ್ರ ತಾಯಿ ತಂದೆ ಇಬ್ಬರದೂ. ನೀವು ಬಿಳಿ ಮೊಟ್ಟೆ ಆರಿಸಿದಾಗ ಬಿಳಿ ಮೊಟ್ಟೆ ಇಡುವ ತಾಯಂದಿರನ್ನು ಆರಿಸಿದಿರಿ, ಅಷ್ಟರ ಮಟ್ಟಿಗೆ ಅದು ಸರಿಯಾದ ಕೆಲಸವೇ. ಆದರೆ ತಂದೆಯನ್ನು ಆರಿಸಲಿಲ್ಲ. ಆ ಬಿಳಿ ಚಿಪ್ಪಿನೊಳಗೆ ಮಲಗಿದ್ದ ಹೆಣ್ಣು ಮರಿಗೆ ತಂದೆಯ ಕಡೆಯಿಂದ ಹಸಿರಿನ ಅಂಶ ಬಂದಿದ್ದರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಐದಾರು ತಿಂಗಳ ನಂತರ ಅದು ಮೊದಲ ಮೊಟ್ಟೆ ಇಟ್ಟ ದಿನವೇ ಗೊತ್ತಾಗುವುದು.

ಲೆಕ್ಕವನ್ನು ಕೊಂಚ ಬಿಡಿಸಿ ನೋಡೋಣ. ಬಾತುಕೋಳಿಯಲ್ಲಿ ಹಸಿರೋ ಬಿಳಿಯೋ ಎಂಬುದನ್ನು ಮುಖ್ಯವಾಗಿ ಒಂದು ವಂಶವಾಹಿ ತೀರ್ಮಾನಿಸುತ್ತದೆ. ಪ್ರತಿ ಬಾತಿನಲ್ಲೂ ಅದರ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಹಸಿರಿನ ಪ್ರತಿಯನ್ನು ‘ಹ’ ಎಂದೂ ಬಿಳಿಯ ಪ್ರತಿಯನ್ನು ‘ಬ’ ಎಂದೂ ಕರೆಯೋಣ. ‘ಹ’ ಪ್ರಬಲ, ಒಂದೇ ಪ್ರತಿ ಇದ್ದರೂ ಮೊಟ್ಟೆ ಹಸಿರು. ಹಾಗಾಗಿ ‘ಹಹ’ ಇರುವ ಹೆಣ್ಣೂ ‘ಹಬ’ ಇರುವ ಹೆಣ್ಣೂ ಹಸಿರು ಮೊಟ್ಟೆಯನ್ನೇ ಇಡುತ್ತವೆ. ಎರಡೂ ಪ್ರತಿ ‘ಬ’ ಆಗಿದ್ದರೆ ಮಾತ್ರ ಬಿಳಿ. ಈ ವಂಶವಾಹಿ ಲಿಂಗವನ್ನು ನಿರ್ಧರಿಸುವ ವರ್ಣತಂತುವಿನ ಮೇಲಿಲ್ಲ. ಆದ್ದರಿಂದ ಗಂಡು ಹೆಣ್ಣು ಎರಡೂ ಅದನ್ನು ಸಮಾನವಾಗಿ ಹೊರುತ್ತವೆ. ಗಂಡಿನಲ್ಲಿ ಅದಕ್ಕೆ ತೋರಿಸಿಕೊಳ್ಳುವ ಅವಕಾಶವಿಲ್ಲ, ಅಷ್ಟೇ.

ಇದರಿಂದ ನಿಮ್ಮ ಹಿಂಡಿನ ಬಗ್ಗೆ ಎಷ್ಟು ಖಚಿತವಾಗಿ ಹೇಳಬಹುದು ನೋಡಿ. ಬಿಳಿ ಮೊಟ್ಟೆಯ ಆರು ತಾಯಂದಿರೂ ‘ಬಬ’, ಅನುಮಾನವೇ ಇಲ್ಲ. ಅವು ಮರಿಗಳಿಗೆ ‘ಬ’ ಬಿಟ್ಟು ಬೇರೇನನ್ನೂ ಕೊಡಲಾರವು. ಆದ್ದರಿಂದ ಮೂರು ಹಸಿರು ಹೆಣ್ಣುಮರಿಗಳಿಗೆ ‘ಹ’ ತಂದೆಯಿಂದಲೇ ಬಂದಿರಬೇಕು. ಆ ಮೂರೂ ‘ಹಬ’. ಬಿಳಿ ಇಡುವ ಮೂರು ಮರಿಗಳು ತಾಯಂದಿರಂತೆಯೇ ‘ಬಬ’. ನೀವು ಮೊದಲು ಕೊಂಡ ಎರಡು ಹಸಿರು ಹೆಣ್ಣುಗಳು ಮಾತ್ರ ‘ಹಹ’ವೋ ‘ಹಬ’ವೋ ಹೇಳಲು ಬರುವುದಿಲ್ಲ.

ಗಂಡುಗಳ ವಿಷಯದಲ್ಲಿ ಎಚ್ಚರಿಕೆಯಿಂದ ಮಾತನಾಡಬೇಕು. ಆರರಲ್ಲಿ ಮೂರು, ಅಂದರೆ ಸರಿಯಾಗಿ ಅರ್ಧ. ‘ಹಬ’ ಗಂಡನ್ನು ‘ಬಬ’ ಹೆಣ್ಣಿಗೆ ಬಿಟ್ಟರೆ ಅರ್ಧದಷ್ಟು ಮರಿಗಳು ಹಸಿರಿನವು ಎಂಬುದು ಪುಸ್ತಕದ ಲೆಕ್ಕ. ಹಾಗೆಂದು ನಿಮ್ಮ ಗಂಡು ‘ಹಬ’ ಎಂದೇ ತೀರ್ಮಾನಿಸಬೇಡಿ. ಒಂದು ಗಂಡು ‘ಹಹ’ ಆಗಿ, ಇನ್ನೊಂದು ‘ಬಬ’ ಆಗಿ, ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ಮರಿಗಳಾಗಿದ್ದರೂ ಇದೇ ಫಲಿತಾಂಶ ಬರುತ್ತದೆ. ಎರಡೂ ‘ಹಬ’ ಇರಬಹುದು. ಆರು ಮರಿ ಬಹಳ ಸಣ್ಣ ಸಂಖ್ಯೆ. ಎರಡು ಗಂಡುಗಳಲ್ಲಿ ಕನಿಷ್ಠ ಒಂದು ‘ಹ’ವನ್ನು ಹೊತ್ತಿದೆ ಎಂಬಷ್ಟು ಮಾತ್ರ ನಿಶ್ಚಿತ.

ಬಣ್ಣ ಎಲ್ಲಿಂದ ಬರುತ್ತದೆ ಎಂಬುದು ನನಗೆ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಭಾಗ. ಅದನ್ನು ಬಿಟ್ಟು ಮುಂದೆ ಹೋಗಲಾರೆ. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಸ್ವಂತ ಬಣ್ಣ ಬಿಳಿ. ಹಕ್ಕಿಗಳು ಅದಕ್ಕೆ ಬಣ್ಣ ಕೊಡಲು ಬಳಸುವ ವಸ್ತುಗಳು ಮುಖ್ಯವಾಗಿ ಎರಡೇ. ಕಂದುಬಣ್ಣಕ್ಕೆ ಪ್ರೋಟೊಪಾರ್ಫಿರಿನ್, ನೀಲಿ ಹಸಿರಿಗೆ ಬಿಲಿವರ್ಡಿನ್. ನಿಮ್ಮ ಮನೆಯ ನಾಟಿ ಕೋಳಿಯ ಕಂದು ಮೊಟ್ಟೆ, ಬೇಲಿಯ ಹರಟೆಮಲ್ಲನ ಅಚ್ಚ ನೀಲಿ ಮೊಟ್ಟೆ, ಕಾಗೆಯ ಕಂದು ಚುಕ್ಕೆಗಳಿರುವ ನೀಲಿಹಸಿರು ಮೊಟ್ಟೆ, ಎಲ್ಲವೂ ಈ ಎರಡರ ಹೆಚ್ಚುಕಡಿಮೆಯಿಂದಲೇ ಆದವು. ಎರಡಕ್ಕೂ ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ವಸ್ತುವಿನೊಂದಿಗೆ ನಂಟಿದೆ. ಪ್ರೋಟೊಪಾರ್ಫಿರಿನ್‌ಗೆ ಕಬ್ಬಿಣ ಸೇರಿದರೆ ಹೀಮ್ ಆಗುತ್ತದೆ. ಹೀಮ್ ಒಡೆದಾಗ ಬಿಲಿವರ್ಡಿನ್ ಉಂಟಾಗುತ್ತದೆ. ಮಕ್ಕಳು ಬಿದ್ದು ಏಟು ಮಾಡಿಕೊಂಡಾಗ ನೀಲಿಗಟ್ಟಿದ ಜಾಗ ಕೆಲವು ದಿನಗಳ ನಂತರ ಹಸಿರು ಛಾಯೆಗೆ ತಿರುಗುತ್ತದಲ್ಲ, ಅಲ್ಲಿರುವುದೂ ಇದೇ ಬಿಲಿವರ್ಡಿನ್. ಪಾಚಿಯ ಹಸಿರು ಪತ್ರಹರಿತ್ತು, ಅದು ಸಂಪೂರ್ಣ ಬೇರೆ ವಸ್ತು. ಬಾತು ಎಷ್ಟು ಪಾಚಿ ತಿಂದರೂ ಅದರ ಹಸಿರು ಚಿಪ್ಪಿಗೆ ಏರುವುದಿಲ್ಲ.

ನಿಮ್ಮ ಅತ್ತೆಯವರ ಮಾತಿನಲ್ಲಿ ಒಂದು ನಿಜ ಇದೆ ಎಂಬುದನ್ನೂ ಹೇಳಬೇಕು. ಮೇವು ಬದಲಿಸುವುದು ಭಂಡಾರದ ಬಣ್ಣವನ್ನು. ಸೊಪ್ಪು, ಪಾಚಿ, ಅಜೋಲಾ, ಮುಸುಕಿನ ಜೋಳ ತಿಂದ ಬಾತಿನ ಭಂಡಾರ ಗಾಢ ಹಳದಿಯಿಂದ ಕಿತ್ತಳೆಯವರೆಗೆ ಹೋಗುತ್ತದೆ. ಬರೀ ಅಕ್ಕಿ ನುಚ್ಚು ತಿಂದದ್ದರ ಭಂಡಾರ ಪೇಲವವಾಗಿರುತ್ತದೆ. ಮೇಯುವ ಬಾತಿನ ಮೊಟ್ಟೆ ಒಡೆದಾಗ ಕಾಣುವ ಆ ಗಾಢ ಬಣ್ಣವನ್ನು ಕಂಡವರು ಚಿಪ್ಪಿಗೂ ಮೇವೇ ಕಾರಣ ಎಂದುಕೊಳ್ಳುವುದು ಸಹಜ.

ಒಂದು ಹಸಿರು ಮೊಟ್ಟೆಯನ್ನು ಒಡೆದು ಚಿಪ್ಪಿನ ಒಳಮೈಯ ಪೊರೆಯನ್ನು ಸುಲಿದು ಬೆಳಕಿಗೆ ಹಿಡಿದು ನೋಡಿ. ಒಳಗೂ ಹಸಿರಿನ ಛಾಯೆ ಇರುತ್ತದೆ. ಕೋಳಿಯ ಕಂದು ಮೊಟ್ಟೆಯ ಒಳಮೈ ಹೆಚ್ಚುಕಡಿಮೆ ಬಿಳಿಯಾಗಿಯೇ ಇರುತ್ತದೆ, ಏಕೆಂದರೆ ಕಂದು ಬಣ್ಣ ಬಹುಪಾಲು ಚಿಪ್ಪು ಮುಗಿಯುವ ಹೊತ್ತಿಗೆ ಮೇಲ್ಪದರಕ್ಕೆ ಸೇರುವಂಥದ್ದು. ಬಿಲಿವರ್ಡಿನ್ ಹಾಗಲ್ಲ. ಸುಣ್ಣ ಕಲಸುವಾಗಲೇ ನೀಲಿ ಬೆರೆಸಿದ ಹಾಗೆ ಅದು ಚಿಪ್ಪಿನ ದಪ್ಪದುದ್ದಕ್ಕೂ ಬೆರೆತಿರುತ್ತದೆ. ಹೊರಗಿನ ನೀರಿನಿಂದ ಅಂಟಿದ ಬಣ್ಣವಾಗಿದ್ದರೆ ಉಜ್ಜಿದಾಗ ಹೋಗಬೇಕಿತ್ತು, ಒಳಗೆ ಇರಲೇಬಾರದಿತ್ತು. ನೆರೆಹೊರೆಯವರಿಗೆ ಇದನ್ನೇ ತೋರಿಸಿ. ನನ್ನ ಇಷ್ಟು ಮಾತಿಗಿಂತ ಒಡೆದ ಆ ಚಿಪ್ಪೇ ಚೆನ್ನಾಗಿ ಹೇಳುತ್ತದೆ.

ಹಾಗಾದರೆ ಬಿಳಿ ಮೊಟ್ಟೆಯ ಬಾತಿನಲ್ಲಿ ಏನಾಗಿದೆ? 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಸಿರು ಮೊಟ್ಟೆಯ ಮಲ್ಲಾರ್ಡ್ ಕಾಡುಬಾತನ್ನೂ ಬಿಳಿ ಮೊಟ್ಟೆಯ ಪೆಕಿನ್ ಬಾತನ್ನೂ ಕೂಡಿಸಿ, ಅವುಗಳ ಮೊಮ್ಮಕ್ಕಳ ತಲೆಮಾರಿನವರೆಗೆ ಮೊಟ್ಟೆಯ ಬಣ್ಣವನ್ನೂ ವಂಶವಾಹಿಗಳನ್ನೂ ಹೋಲಿಸಿ ನೋಡಿದರು. ಹುಡುಕಾಟ ಬಂದು ನಿಂತದ್ದು ನಾಲ್ಕನೇ ವರ್ಣತಂತುವಿನಲ್ಲಿರುವ ಎಬಿಸಿಜಿ2 ಎಂಬ ವಂಶವಾಹಿಯ ಬಳಿ. ಜೀವಕೋಶದ ಪೊರೆಯಲ್ಲಿ ಕುಳಿತು ಒಳಗಿನ ಕೆಲವು ವಸ್ತುಗಳನ್ನು ಹೊರಕ್ಕೆ ಸಾಗಿಸುವ ಪ್ರೋಟೀನನ್ನು ಅದು ತಯಾರಿಸುತ್ತದೆ. ವ್ಯತ್ಯಾಸ ಕಂಡದ್ದು ಆ ವಂಶವಾಹಿ ಎಷ್ಟು ಕೆಲಸ ಮಾಡಬೇಕೆಂದು ನಿಯಂತ್ರಿಸುವ ಭಾಗದಲ್ಲಿ, ಡಿಎನ್‌ಎಯ ಒಂದೇ ಒಂದು ಅಕ್ಷರದಷ್ಟು. ಹಸಿರು ಮೊಟ್ಟೆಯ ಬಾತಿನ ಚಿಪ್ಪುಚೀಲದಲ್ಲಿ ಈ ಸಾಗಣೆ ಜೋರಾಗಿರುತ್ತದೆ, ಬಿಲಿವರ್ಡಿನ್ ಚಿಪ್ಪನ್ನು ಸೇರುತ್ತದೆ. ಬಿಳಿ ಮೊಟ್ಟೆಯ ಬಾತಿನಲ್ಲಿ ಸಾಗಣೆ ಕಡಿಮೆ.

ಹಾಲಿಗೆ ಹೆಸರಾದ ನಿಮ್ಮ ಜಿಲ್ಲೆಯವರಿಗೆ ಇನ್ನೊಂದು ಸಂಗತಿ ಹೇಳದಿದ್ದರೆ ಆಗದು. ಇದೇ ಎಬಿಸಿಜಿ2 ಹಸುವಿನಲ್ಲೂ ಇದೆ. ಹೋಲ್‌ಸ್ಟೀನ್ ಹಸುಗಳಲ್ಲಿ ಅದರ ಒಂದು ಬದಲಾವಣೆ ಹಾಲಿನ ಪ್ರಮಾಣವನ್ನೂ ಅದರಲ್ಲಿರುವ ಕೊಬ್ಬು, ಪ್ರೋಟೀನಿನ ಅಂಶವನ್ನೂ ಏರುಪೇರು ಮಾಡುತ್ತದೆ ಎಂದು 2005ರಲ್ಲಿ ತೋರಿಸಲಾಯಿತು. ನಿಮ್ಮ ಕೊಟ್ಟಿಗೆಯ ಎಚ್‌ಎಫ್ ಹಸುವಿನ ಕೆಚ್ಚಲಿನಲ್ಲೂ ಹಿತ್ತಲ ಬಾತಿನ ಚಿಪ್ಪುಚೀಲದಲ್ಲೂ ಒಂದೇ ವಂಶವಾಹಿ ದುಡಿಯುತ್ತಿದೆ.

ಕೋಳಿಯ ಕಥೆ ಬೇರೆ. ನೀಲಿ ಮೊಟ್ಟೆ ಇಡುವ ಕೋಳಿ ತಳಿಗಳಿವೆ, ದಕ್ಷಿಣ ಅಮೆರಿಕದ ಅರಾಕಾನಾ, ಚೀನಾದ ಡೋಂಗ್‌ಶಿಯಾಂಗ್ ಮುಂತಾದವು. ಅಲ್ಲಿಯೂ ನೀಲಿ ಪ್ರಬಲ ಗುಣವೆಂದು ಬ್ರಿಟನ್ನಿನ ವಂಶವಾಹಿ ತಜ್ಞ ಪನ್ನೆಟ್ 1933ರಲ್ಲಿಯೇ ಬರೆದರು. 2013ರಲ್ಲಿ ಅದರ ಮೂಲ ಸಿಕ್ಕಿತು. ಬಹಳ ಹಿಂದೆ ಒಂದು ವೈರಸ್ಸಿನ ಡಿಎನ್‌ಎ ತುಣುಕು ಎಸ್‌ಎಲ್‌ಸಿಒ1ಬಿ3 ಎಂಬ ವಂಶವಾಹಿಯ ಪಕ್ಕದಲ್ಲಿ ಸೇರಿಕೊಂಡು ಅದನ್ನು ಚಿಪ್ಪುಚೀಲದಲ್ಲಿ ಎಚ್ಚರಗೊಳಿಸಿದೆ. ಅಮೆರಿಕದ ಕೋಳಿಯಲ್ಲಿ ಒಮ್ಮೆ, ಚೀನಾದ ಕೋಳಿಯಲ್ಲಿ ಮತ್ತೊಮ್ಮೆ, ಬೇರೆಬೇರೆಯಾಗಿ. ಬಣ್ಣದ ವಸ್ತು ಒಂದೇ ಆದರೂ ಕೋಳಿಯೂ ಬಾತೂ ಅದನ್ನು ಚಿಪ್ಪಿಗೆ ತಲುಪಿಸುವ ದಾರಿ ಬೇರೆ. ಕೋಳಿಯಲ್ಲಿ ನೀಲಿ ಹೊಸದಾಗಿ ಬಂದ ಗುಣ. ಬಾತಿನಲ್ಲಿ ಇದು ತಿರುಗುಮುರುಗು, ಹಸಿರೇ ಹಳೆಯದು. ಮಸ್ಕೋವಿ ಎಂಬ ಬೇರೆ ಜಾತಿಯ ಬಾತನ್ನು ಬಿಟ್ಟರೆ ನಾವು ಸಾಕುವ ಬಾತುಗಳೆಲ್ಲ ಮಲ್ಲಾರ್ಡಿನ ವಂಶದವು. ಮಲ್ಲಾರ್ಡಿನ ಮೊಟ್ಟೆ ಹಸಿರು ಛಾಯೆಯದು. ಬಿಳಿ ಬಂದದ್ದು ಸಾಕಣೆಗೆ ಸಿಕ್ಕ ಮೇಲೆ, ಮನುಷ್ಯರ ಆಯ್ಕೆಯಲ್ಲಿ. ಹಾಗಾಗಿ ನಿಮ್ಮ ಹಸಿರು ಮೊಟ್ಟೆಯ ಬಾತುಗಳಲ್ಲಿ ಕೆಟ್ಟದ್ದೇನೂ ಸೇರಿಕೊಂಡಿಲ್ಲ. ಅವು ತಮ್ಮ ಹಿರಿಯರ ಮೊಟ್ಟೆಯನ್ನೇ ಇಡುತ್ತಿವೆ.

ಪುಕ್ಕ ನೋಡಿ ತಿಳಿಯಲಾಗದು. ಪುಕ್ಕದ ಬಣ್ಣಕ್ಕೆ ಬೇರೆ ವಂಶವಾಹಿಗಳಿವೆ. ಪೆಕಿನ್ ಬಾತಿನ ಬಿಳಿ ಪುಕ್ಕಕ್ಕೆ ಕಾರಣವಾದದ್ದು ಎಂಐಟಿಎಫ್ ಎಂಬ ಇನ್ನೊಂದೇ ವಂಶವಾಹಿ. ಕಂದು ಪುಕ್ಕದ್ದು ಬಿಳಿ ಮೊಟ್ಟೆಯನ್ನೂ ಇಡಬಹುದು, ಹಸಿರನ್ನೂ ಇಡಬಹುದು. ಕೊಕ್ಕು, ಕಾಲು, ಗಂಡಿನ ಕುತ್ತಿಗೆಯ ಹೊಳಪು, ಯಾವುದೂ ಮೊಟ್ಟೆಯ ಬಣ್ಣದ ಸುಳಿವು ಕೊಡುವುದಿಲ್ಲ. ಮಾರುವವರು ಹಾಗೆಂದು ಹೇಳಿ ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ.

ಹಸಿರಿನ ಗಾಢತೆಯ ಬಗ್ಗೆ ಒಂದು ಮಾತು. ಹಸಿರೋ ಬಿಳಿಯೋ ಎಂಬುದು ಜನ್ಮಕ್ಕೆ ಅಂಟಿದ್ದು. ಎಷ್ಟು ಹಸಿರು ಎಂಬುದು ಏರಿಳಿಯುತ್ತದೆ. ಮೊಟ್ಟೆ ಇಡಲು ಆರಂಭಿಸಿದಾಗ ಬಣ್ಣ ಗಾಢವಾಗಿರುತ್ತದೆ, ಇಡುತ್ತಾ ಹೋದಂತೆ ತಿಳಿಯಾಗುತ್ತದೆ. ಜೊತೆಗೆ ಬೇರೆ ಸಣ್ಣಪುಟ್ಟ ವಂಶವಾಹಿಗಳೂ ಕೈ ಹಾಕುವುದರಿಂದ ಅಕ್ಕತಂಗಿಯರಲ್ಲೇ ಒಂದರದು ನೀಲಿಯ ಕಡೆಗೆ, ಇನ್ನೊಂದರದು ಬೂದುಹಸಿರಿನ ಕಡೆಗೆ ಹೋಗಬಹುದು. ಕೆಲವು ಬಾತುಗಳ ಮೊದಮೊದಲ ಮೊಟ್ಟೆಗಳ ಮೇಲೆ ಕಪ್ಪುಬೂದು ಪೊರೆ ಇರುತ್ತದೆ. ಕಯುಗಾ ಎಂಬ ಕರಿ ತಳಿಯಲ್ಲಿ ಇದು ಪ್ರಸಿದ್ಧ. ಅದು ಚಿಪ್ಪಿನ ಮೇಲಿನ ಲೇಪ ಮಾತ್ರ, ಒದ್ದೆ ಬಟ್ಟೆಯಿಂದ ಉಜ್ಜಿದರೆ ಏಳುತ್ತದೆ.

ಈಗ ಕೆರೆಯ ನೀರು. ಕೆ.ಸಿ. ವ್ಯಾಲಿ ಯೋಜನೆಯ ನೀರಿಗೆ ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೋಲಾರದ ಜನ ಕೇಳುತ್ತಲೇ ಬಂದಿದ್ದಾರೆ. ಅದು ನ್ಯಾಯವಾದ ಬೇಡಿಕೆ. ಆದರೆ ಮೊಟ್ಟೆಯ ಬಣ್ಣವನ್ನು ಅದಕ್ಕೆ ಸಾಕ್ಷಿಯಾಗಿ ನಿಲ್ಲಿಸಬೇಡಿ. ನೀರಿನ ಬಗ್ಗೆ ಆತಂಕವಿದ್ದರೆ ಅದು ಬಿಳಿ ಮೊಟ್ಟೆಗೂ ಅಷ್ಟೇ ಅನ್ವಯಿಸುತ್ತದೆ. ಹಸಿರನ್ನು ಎಸೆದು ಬಿಳಿಯನ್ನು ನಿಶ್ಚಿಂತೆಯಿಂದ ತಿನ್ನುವುದು ಅಪಾಯದ ತರ್ಕ. ನೀರು ಹೇಗಿದೆ ಎಂದು ನೀರನ್ನೇ ಪ್ರಯೋಗಾಲಯಕ್ಕೆ ಕೊಟ್ಟು ನೋಡಬೇಕು. ಬಾತುಗಳಿಗೆ ಕುಡಿಯುವ ನೀರನ್ನಾದರೂ ಮನೆಯ ಬಳಿ ತೊಟ್ಟಿಯಲ್ಲಿ ಇಡುವುದು ಒಳ್ಳೆಯದು.

ಎಲ್ಲ ಬಿಳಿ ಮೊಟ್ಟೆಯೇ ಬೇಕೆಂದರೆ ಕೆಲಸ ನೀವು ಅಂದುಕೊಂಡದ್ದಕ್ಕಿಂತ ಸುಲಭ. ಬಿಳಿ ಗುಣ ಮರೆಯಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ‘ಬಬ’ ಹೆಣ್ಣಿಗೆ ‘ಬಬ’ ಗಂಡು ಸಿಕ್ಕಿದರೆ ಮುಂದಿನ ತಲೆಮಾರುಗಳೆಲ್ಲ ಬಿಳಿಯೇ, ಹೊರಗಿನ ಗಂಡು ಸೇರದಿದ್ದರೆ ಸಾಕು. ಹೆಣ್ಣುಗಳು ನಿಮ್ಮಲ್ಲಿ ಈಗಾಗಲೇ ಇವೆ. ಬೇಕಾದದ್ದು ಒಂದು ‘ಬಬ’ ಗಂಡು. ಹತ್ತಿರದ ದಾರಿ ಎಂದರೆ ಬಿಳಿ ಮೊಟ್ಟೆಯ ತಳಿಯಿಂದ ಹೊಸ ಗಂಡನ್ನು ತರುವುದು. ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಖಾಕಿ ಕ್ಯಾಂಪ್‌ಬೆಲ್ ತಳಿಯನ್ನು ಬೆಳೆಸಿಕೊಂಡು ಬಂದಿದೆ. ಆ ತಳಿಯ ಮೊಟ್ಟೆ ಸಾಮಾನ್ಯವಾಗಿ ಬಿಳಿ, ಮೊಟ್ಟೆಯ ಸಂಖ್ಯೆಯೂ ಚೆನ್ನಾಗಿದೆ. ಎಲ್ಲಿಂದ ತಂದರೂ ಆ ಗಂಡಿನ ತಾಯಿಯ ಮೊಟ್ಟೆಯ ಬಣ್ಣವನ್ನಷ್ಟೇ ಅಲ್ಲ, ಅಕ್ಕತಂಗಿಯರ ಮೊಟ್ಟೆಯ ಬಣ್ಣವನ್ನೂ ಕೇಳಿ. ಅಕ್ಕತಂಗಿಯರೆಲ್ಲ ಬಿಳಿ ಇಡುತ್ತಿದ್ದರೆ ತಂದೆಯೂ ಬಹುಮಟ್ಟಿಗೆ ‘ಬಬ’ ಎಂದು ನಂಬಬಹುದು.

ನಿಮ್ಮ ಗಂಡುಗಳನ್ನೇ ಪರೀಕ್ಷಿಸುವ ಆಸೆಯಿದ್ದರೆ ಅದಕ್ಕೂ ದಾರಿಯಿದೆ, ತಾಳ್ಮೆ ಬೇಕು. ಮೊದಲು ಕೊಂಡ ಆರು ಬಿಳಿ ಹೆಣ್ಣುಗಳನ್ನು ಮೂರು ಮೂರಾಗಿ ಬೇರ್ಪಡಿಸಿ, ಒಂದೊಂದು ಗುಂಪಿಗೆ ಒಂದೊಂದು ಗಂಡನ್ನು ಬಿಡಿ. ಹೊಸದಾಗಿ ಬಂದಿರುವ ಹೆಣ್ಣುಮರಿಗಳನ್ನು ಇದಕ್ಕೆ ಬಳಸಬೇಡಿ, ಅವು ಈ ಗಂಡುಗಳ ಮಕ್ಕಳೇ. ಬೇರ್ಪಡಿಸಿದ ಕೂಡಲೇ ಮೊಟ್ಟೆಯನ್ನು ಕಾವಿಗೆ ಇಡಬೇಡಿ. ಹೆಣ್ಣು ಬಾತಿನ ಒಡಲಿನಲ್ಲಿ ಹಿಂದಿನ ಗಂಡಿನ ವೀರ್ಯ ಹಲವು ದಿನ ಉಳಿಯುತ್ತದೆ. ಮೂರು ವಾರ ಬಿಟ್ಟು ಆಮೇಲಿನ ಮೊಟ್ಟೆಗಳನ್ನು ಆರಿಸಿ. 28 ದಿನಕ್ಕೆ ಮರಿಯಾಗುತ್ತವೆ. ಯಾವ ಗಂಡಿನ ಮರಿ ಎಂದು ತಿಳಿಯಲು ಕಾಲಿಗೆ ಬೇರೆ ಬೇರೆ ಬಣ್ಣದ ಉಂಗುರ ಹಾಕಿ, ಬೆಳೆದಂತೆ ಸಡಿಲಿಸಿ. ಒಂದು ಗಂಡಿನ ಹೆಣ್ಣುಮಕ್ಕಳಲ್ಲಿ ಒಂದೇ ಒಂದು ಹಸಿರು ಮೊಟ್ಟೆ ಇಟ್ಟರೂ ಆ ಗಂಡಿನಲ್ಲಿ ‘ಹ’ ಇದೆ, ಅಲ್ಲಿಗೆ ಮುಗಿಯಿತು. ಎಲ್ಲವೂ ಬಿಳಿಯಾದರೆ? ‘ಹಬ’ ಗಂಡಿಗೆ ಹುಟ್ಟಿದ ಪ್ರತಿ ಹೆಣ್ಣುಮರಿ ಬಿಳಿಯಾಗುವ ಸಾಧ್ಯತೆ ಅರ್ಧ. ಆರೂ ಬಿಳಿಯಾಗುವ ಸಾಧ್ಯತೆ 64ರಲ್ಲಿ ಒಂದು. ಏಳಾದರೆ 128ರಲ್ಲಿ ಒಂದು. ಆರೇಳು ಹೆಣ್ಣುಮಕ್ಕಳು ಬಿಳಿ ಇಟ್ಟರೆ ಆ ಗಂಡನ್ನು ನಾನು ನಿಶ್ಚಿಂತೆಯಿಂದ ಇಟ್ಟುಕೊಳ್ಳುತ್ತೇನೆ. ಮೂರು ಹೆಣ್ಣುಮಕ್ಕಳನ್ನು ನೋಡಿ ತೀರ್ಮಾನಿಸಿದರೆ ಎಂಟರಲ್ಲಿ ಒಂದು ಪಾಲು ಮೋಸಹೋಗುವ ಸಾಧ್ಯತೆ ಉಳಿಯುತ್ತದೆ.

ಈ ಮರಿಗಳ ಜೊತೆ ಹುಟ್ಟಿದ ಗಂಡುಮರಿಗಳಿದ್ದರೆ ಅವುಗಳಲ್ಲೂ ಕೆಲವು ‘ಹಬ’ ಇರಬಹುದು, ಕೆಲವು ‘ಬಬ’. ಪರೀಕ್ಷಿಸದೆ ಅವುಗಳನ್ನು ತಳಿಗೆ ಇಟ್ಟುಕೊಳ್ಳಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಹಸಿರು ಮೊಟ್ಟೆಯ ಐದು ಬಾತುಗಳನ್ನು ಬಣ್ಣದ ಕಾರಣಕ್ಕೆ ಮಾರಬೇಡಿ. ಅಸ್ಸಾಮಿನ ನಾಗೇಶ್ವರಿ ಬಾತು ನೀಲಿ ಛಾಯೆಯ ಮೊಟ್ಟೆಯನ್ನೇ ಇಡುತ್ತದೆ, ಅಲ್ಲಿನ ಜನ ಅದನ್ನು ಅಕ್ಕರೆಯಿಂದ ಸಾಕುತ್ತಾರೆ. ಚೀನಾದ ಜಿನ್‌ಡಿಂಗ್ ತಳಿಗೆ ಹೆಸರು ಬಂದದ್ದರಲ್ಲಿ ಅದರ ನೀಲಿ ಮೊಟ್ಟೆಯ ಪಾಲೂ ಇದೆ. ಬೇಡವೆಂದ ಅಂಗಡಿಯವರಿಗೆ ಒಂದು ಹಸಿರು, ಒಂದು ಬಿಳಿ ಮೊಟ್ಟೆಯನ್ನು ಒಟ್ಟಿಗೆ ಬೇಯಿಸಿ ಸುಲಿದು ಕೊಟ್ಟು ನೋಡಿ. ಯಾವುದು ಯಾವುದೆಂದು ಅವರಿಂದ ಹೇಳಲಾಗದು. ಯಾವ ಬಾತನ್ನು ಉಳಿಸಬೇಕು, ಯಾವುದನ್ನು ಮಾರಬೇಕು ಎಂಬುದನ್ನು ಅದು ವರ್ಷಕ್ಕೆ ಎಷ್ಟು ಮೊಟ್ಟೆ ಇಡುತ್ತದೆ, ಚಿಪ್ಪು ಗಟ್ಟಿಯಿದೆಯೇ, ಮೊಟ್ಟೆ ಸರಿಯಾಗಿ ಮರಿಯಾಗುತ್ತದೆಯೇ ಎಂಬುದರ ಮೇಲೆ ತೀರ್ಮಾನಿಸಿ. ಅದಕ್ಕೆ ಮೊದಲು ಯಾವ ಮೊಟ್ಟೆ ಯಾವ ಬಾತಿನದು ಎಂದು ಖಚಿತವಾಗಬೇಕು. ಬಾತುಗಳು ಬಹುಪಾಲು ಬೆಳಗಿನ ಜಾವವೇ ಮೊಟ್ಟೆ ಇಡುತ್ತವೆ. ರಾತ್ರಿ ಒಂದೊಂದನ್ನೇ ದೊಡ್ಡ ಮಂಕರಿಯ ಕೆಳಗೆ ಹುಲ್ಲು ಹಾಸಿ ಕವುಚಿಟ್ಟು, ಬೆಳಿಗ್ಗೆ ಎಂಟೂವರೆ ಒಂಬತ್ತರವರೆಗೆ ಹೊರಗೆ ಬಿಡಬೇಡಿ. ಒಂದು ವಾರ ಹೀಗೆ ಮಾಡಿ ಪ್ರತಿ ಬಾತಿನ ಹೆಸರಿನ ಮುಂದೆ ಬಣ್ಣ ಬರೆದಿಟ್ಟುಕೊಂಡರೆ ಸಾಕು, ಆ ಪಟ್ಟಿಯನ್ನು ಆ ಬಾತಿನ ಆಯುಷ್ಯದಲ್ಲಿ ಮತ್ತೆ ತಿದ್ದಬೇಕಾಗಿ ಬರುವುದಿಲ್ಲ.